ಹುಣಸೆಹಣ್ಣಿಗೆ ಸಿಕ್ಕ ಬೆಳ್ಳಿ

ನಾನು ಹತ್ತು ರೂಪಾಯಿಯ ಬೆಳ್ಳಿ ನಾಣ್ಯ. ಹಾಗೆಂದು ನನ್ನ ಮೈಮೇಲೆಯೇ ಬರೆದಿದೆ. ಆದರೂ ಈವರೆಗೆ ಯಾರೂ ನನ್ನನ್ನು ಹತ್ತು ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದಿಲ್ಲ. ನನ್ನನ್ನು ಕೊಟ್ಟು ಯಾರೂ ಒಂದು ಸಿವುಡು ಕೊತ್ತಂಬರಿಯನ್ನೂ ತಂದಿಲ್ಲ. ನಾನು ಸಂತೆಗೆ ಹುಟ್ಟಿದವನಲ್ಲ, ಸ್ಮಾರಕವಾಗಿ ಹುಟ್ಟಿದವನು. ಸರ್ಕಾರ ಯಾವುದಾದರೂ ದೊಡ್ಡ ಮಾತನ್ನು ಜನರಿಗೆ ನೆನಪಿಸಬೇಕೆಂದಾಗ ನಮ್ಮಂಥವರನ್ನು ಅಚ್ಚು ಹಾಕಿಸುತ್ತದೆ.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿ ನನ್ನ ಜನನ. ಬೆಳ್ಳಿಯ ಪಟ್ಟಿಯಿಂದ ದುಂಡಗೆ ಕತ್ತರಿಸಿ, ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರು. ಒಂದೇ ಪೆಟ್ಟು. ಒಂದು ಮುಖಕ್ಕೆ ಸಿಂಹಗಳು ಬಂದವು, ಇನ್ನೊಂದಕ್ಕೆ ಕಮಲ. ಎಲ್ಲರಿಗೂ ಅನ್ನ ಎಂಬ ಮಾತನ್ನೂ ಹಿಂದಿಯಲ್ಲಿ ಬರೆದರು. ಅಷ್ಟು ದೊಡ್ಡ ಮಾತು ಹೊತ್ತುಕೊಂಡು ಬಂದವನು ಯಾರ ಹೊಟ್ಟೆಗೂ ಒಂದು ತುತ್ತು ಹಾಕಲಿಲ್ಲ. ನಾಚಿಕೆಯಾಗುತ್ತದೆ, ಆದರೆ ತಪ್ಪು ನನ್ನದಲ್ಲ.

ಗದಗಿನಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದ ರಾಚಪ್ಪ ಎಂಬುವರು ನನ್ನನ್ನು ಕೊಂಡರು. ಅವರ ಮಗಳು ಗಂಗವ್ವನಿಗೆ ಗಂಡು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕೈಗೆ ನನ್ನನ್ನು ಮುಟ್ಟಿಸಿದರು. ಅದರ ಬೆರಳುಗಳು ನನ್ನ ಅಂಚಿನ ಅರ್ಧವನ್ನೂ ಸುತ್ತಲಿಲ್ಲ. ಮಳೆಗಾಲದಲ್ಲಿ ಕೂಸಿಗೆ ಜ್ವರ ಬಂತು, ಕೂಸು ಹೋಗಿಬಿಟ್ಟಿತು. ಗಂಗವ್ವ ನನ್ನನ್ನು ಒಂದು ಖಾಕಿ ಕಾಗದದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ಎಸೆಯಲು ಮನಸ್ಸಿಲ್ಲ, ನೋಡಲು ಧೈರ್ಯವಿಲ್ಲ. ಮೇಲೆ ಸೀರೆಗಳು ಬಂದವು, ಹಳೆಯವಾದವು, ಬೇರೆ ಸೀರೆಗಳು ಬಂದವು. ಆಕೆ ಮುದುಕಿಯಾಗಿ ಸಾಯುವವರೆಗೆ ಆ ಕಾಗದ ಬಿಚ್ಚಲೇ ಇಲ್ಲ.

ಅಷ್ಟು ವರ್ಷ ಕತ್ತಲಲ್ಲಿ ಬಿದ್ದಿದ್ದೆನಲ್ಲ, ಆಗಲೇ ನನಗೆ ಬಣ್ಣ ಬಂದದ್ದು. ಆ ಕಾಗದದಲ್ಲಿ ಚೂರು ಗಂಧಕದ ಅಂಶವಿತ್ತಂತೆ. ಅದು ತೀರ ಮೆಲ್ಲಗೆ ನನ್ನ ಮೈಗೆ ತಾಗಿ, ಅಂಚಿನಿಂದ ಒಳಮುಖವಾಗಿ ಹಬ್ಬಿತು. ಮೊದಲು ಜೇನಿನ ಬಣ್ಣ, ಆಮೇಲೆ ನೇರಳೆಗೆಂಪು, ಆಮೇಲೆ ನವಿಲಿನ ಕುತ್ತಿಗೆಯ ನೀಲಿ. ನನಗೆ ಇದೇನೂ ಗೊತ್ತಿರಲಿಲ್ಲ. ಕತ್ತಲಲ್ಲಿದ್ದವನಿಗೆ ತನ್ನ ಮುಖ ಹೇಗೆ ಕಾಣಬೇಕು?

ಗಂಗವ್ವ ಹೋದ ಮೇಲೆ ಆಕೆಯ ಮೈದುನನ ಮಕ್ಕಳು ಟ್ರಂಕು ಖಾಲಿ ಮಾಡಿ, ಬೆಳ್ಳಿಯನ್ನೆಲ್ಲ ಸರಾಫ ಕಟ್ಟೆಯ ಚಿನ್ನಬೆಳ್ಳಿ ಅಂಗಡಿಗೆ ಸುರಿದರು. ಮುರಿದ ಕಾಲುಂಗುರ, ಕುಂಕುಮದ ಬಟ್ಟಲುಗಳ ಜೊತೆ ನಾನೂ ಕರಗುವ ಸಾಲಿನಲ್ಲಿ ಕುಳಿತೆ. ಅದೇ ಹೊತ್ತಿಗೆ ಹೆಂಡತಿಯ ಕಾಲುಂಗುರಕ್ಕೆ ಬೆಸುಗೆ ಹಾಕಿಸಲು ಒಬ್ಬರು ಬಂದರು. ಚನ್ನಮಲ್ಲಪ್ಪ ಮುಳಗುಂದ, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಡ್ರಾಯಿಂಗ್ ಮಾಸ್ತರು ಎನ್ನುತ್ತಿತ್ತು. ತಕ್ಕಡಿಯಲ್ಲಿದ್ದ ನನ್ನನ್ನು ಕಂಡು ಅವರು ಬಂದ ಕೆಲಸವನ್ನೇ ಮರೆತರು.

"ಇದನ್ನ ನನಗ ಕೊಡ್ರಿ," ಎಂದರು.

"ಒಯ್ಯಿರಿ ಮಾಸ್ತರ, ತೂಕದ ರೇಟಿಗೇ ಕೊಡ್ತೀನಿ. ಭಾಳ ಕರ್ರಗಾಗೇತಿ, ಒಂದೀಟು ತಿಕ್ಕಿ ಕೊಡ್ಲೇನು?" ಎಂದು ಸರಾಫ ಬ್ರಷ್ ಎತ್ತಿಕೊಂಡ.

"ಅಯ್ಯೋ, ಮುಟ್ಟಬ್ಯಾಡ್ರಿ!" ಎಂದು ಮಾಸ್ತರು ಕೂಗಿದ ರಭಸಕ್ಕೆ ಪಕ್ಕದ ಅಂಗಡಿಯವನು ಇಣುಕಿದ. "ಇದು ಹೊಲಸಲ್ಲೋ ಮಾರಾಯಾ, ಬಣ್ಣ. ಇದು ಬರಾಕ ಮನುಷ್ಯಾನ ಅರ್ಧಾ ಆಯುಷ್ಯ ಬೇಕು."

ಅವತ್ತು ನಾನು ಮೊದಲ ಬಾರಿಗೆ ನನ್ನ ಬಗ್ಗೆ ಹೆಮ್ಮೆಪಟ್ಟೆ. ಜಂಬವೆಂದರೂ ಸರಿ.

ಮಾಸ್ತರ ಹತ್ತಿರ ಬೇರೆ ನಾಣ್ಯಗಳೂ ಇದ್ದವು, ಆದರೆ ಅವರು ದಿನವೂ ತೆಗೆದು ನೋಡುತ್ತಿದ್ದುದು ನನ್ನನ್ನು. ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ಅಂಚು ಹಿಡಿದು ಓರೆ ಮಾಡುವರು. ಮುಖವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ನೈಜ ಬಣ್ಣದ ಕೆಳಗೆ ಬೆಳ್ಳಿಯ ಹೊಳಪು ಜೀವಂತವಾಗಿರುತ್ತದೆ, ಓರೆ ಮಾಡಿದರೆ ಚಕ್ರದ ಕಡ್ಡಿಯ ಹಾಗೆ ತಿರುಗುತ್ತದೆ. ಗಂಧಕದ ಹೊಗೆ ಕೊಟ್ಟು, ಕಾಯಿಸಿ ಬರಿಸಿದ ಬಣ್ಣ ಸತ್ತ ಬಣ್ಣ, ಮೇಲೆ ಬಳಿದ ಹಾಗೆ ಕೂತಿರುತ್ತದೆ. ಇದನ್ನೆಲ್ಲ ಅವರು ನನಗೇ ಹೇಳಿಕೊಳ್ಳುತ್ತಿದ್ದರು. ಒಮ್ಮೆ ನನ್ನ ನೀಲಿಯನ್ನು ಕಾಗದದ ಮೇಲೆ ತರಲು ಕೂತು, ಹಾಳೆ ಹರಿದು, "ಈ ನೀಲಿ ನನ್ನ ಡಬ್ಬ್ಯಾಗಿಲ್ಲ," ಎಂದು ನಕ್ಕರು.

ಅವರ ಹೆಂಡತಿ ನೀಲಮ್ಮ. ಕೈ ಸ್ವಚ್ಛ, ಮನೆ ಸ್ವಚ್ಛ, ಮನಸ್ಸೂ ಹಾಗೇ. ಮಾಸ್ತರು ಒಂದು ಸಲ ನನ್ನ ಬಣ್ಣದ ಮಹಿಮೆ ಹೇಳಿದಾಗ ಆಕೆ ಅಕ್ಕಿಯಲ್ಲಿ ಹರಳು ಆರಿಸುತ್ತಾ "ಹೂಂ, ಹೂಂ" ಎಂದರು. ಕೊನೆಗೆ, "ಆ ಕರೀ ರೊಕ್ಕ ನೋಡೂದ್ರಾಗ ನಿಮ್ಮ ಚಾ ಆರಿ ಹೋಗೇತಿ ನೋಡ್ರಿ," ಎಂದರು. ಗಂಡನ ಹುಚ್ಚಿನ ಬಗ್ಗೆ ಆಕೆಗೆ ಸಿಟ್ಟಿರಲಿಲ್ಲ, ಕನಿಕರದಂಥ ಪ್ರೀತಿ ಇತ್ತು.

ಊರಿನಲ್ಲಿ ನಾಣ್ಯ ಕೂಡಿಸುವವರದೊಂದು ಸಂಘವಿತ್ತು. ಮಾಸ್ತರು ನನ್ನನ್ನು ಅಲ್ಲಿಗೆ ಒಯ್ದರು. ಕಾರ್ಯದರ್ಶಿ ಪ್ರಲ್ಹಾದ ಸವಡಿಯವರದು ಔಷಧಿ ಅಂಗಡಿ. ಸ್ವಲ್ಪ ದಿನಗಳ ಹಿಂದಷ್ಟೇ ಅವರಿಗೆ ಯಾರೋ ಹೊಗೆ ಹಾಕಿ ಬಣ್ಣ ಬರಿಸಿದ ನಾಣ್ಯವನ್ನು ನಿಜದ್ದೆಂದು ಮಾರಿ ಹೋಗಿದ್ದರು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಅವರು ನನ್ನನ್ನು ನೋಡಿ ಮುಖ ಗಂಟಿಕ್ಕಿದರು.

"ಇಷ್ಟ ಚಂದ ಬಣ್ಣ ತಾನಾಗೇ ಬರ್ತದೇನ್ರೀ ಮಾಸ್ತರ? ಅದೂ ಡ್ರಾಯಿಂಗ್ ಮಾಸ್ತರ ಮನ್ಯಾಗ?"

ಯಾರೋ ನಕ್ಕರು. ಆ ನಗುವೇ ಎಲ್ಲ ಕೆಡಿಸಿತು. ಮಾಸ್ತರ ಕಿವಿ ಕೆಂಪಾಯಿತು. "ನಾ ಮಕ್ಕಳಿಗೆ ಮೂವತ್ತು ವರ್ಷ ಬಣ್ಣ ಕಲಿಸೇನಿ, ಮಂದಿಗೆ ಬಣ್ಣ ಹಚ್ಚಿಲ್ಲ. ಯಾರನ್ನ ಬೇಕಾದ್ರೂ ಕರಸ್ರಿ, ನೋಡ್ಲಿ," ಎಂದರು. ಹುಬ್ಬಳ್ಳಿಯಲ್ಲಿ ಉಪಾಧ್ಯೆ ಎಂಬ ಹಿರಿಯರಿದ್ದರು, ನಾಣ್ಯದ ನಿಜ ಸುಳ್ಳು ಅವರ ಭೂತಗನ್ನಡಿಗೆ ತಪ್ಪುತ್ತಿರಲಿಲ್ಲ. ದೀಪಾವಳಿಗೆ ನೆಂಟರ ಮನೆಗೆ ಗದಗಿಗೆ ಬಂದಾಗ ಮಾಸ್ತರ ಮನೆಗೂ ಬರುವುದಾಗಿ ಅವರು ಒಪ್ಪಿದರು.

ನನ್ನ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದು ಮಾಸ್ತರಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದುದು ಒಂದೇ ಮಾತು, ಈ ಬಣ್ಣ ನಿಜ ಎಂಬ ಮಾತು. ಅದು ಉಪಾಧ್ಯೆಯವರ ಬಾಯಿಂದ ಬಂದರೆ ಅವರ ಮೇಲಿನ ಕಳಂಕ ಹೋಗುತ್ತಿತ್ತು. ಸಂಘದ ಮಾತನ್ನು ಮನೆಗೆ ತರುವ ಅಭ್ಯಾಸ ಅವರಿಗಿರಲಿಲ್ಲ. ನೀಲಮ್ಮನಿಗೆ ಹೇಳಿದ್ದು ಇಷ್ಟೇ: "ಹಬ್ಬಕ್ಕ ಹುಬ್ಬಳ್ಳಿಯಿಂದ ದೊಡ್ಡ ಮನುಷ್ಯಾರು ಬರಾಕತ್ತಾರ. ಆ ಬೆಳ್ಳಿ ನಾಣ್ಯ ನೋಡಾಕ."

ದೀಪಾವಳಿಯ ಮೊದಲ ದಿನ, ನೀರು ತುಂಬುವ ಹಬ್ಬದ ಬೆಳಿಗ್ಗೆ ನೀಲಮ್ಮ ಹಿತ್ತಲ ಬಚ್ಚಲಕಲ್ಲಿನ ಮೇಲೆ ಮನೆಯ ಬೆಳ್ಳಿಯನ್ನೆಲ್ಲ ಹರಡಿಕೊಂಡು ಕೂತರು. ದೀಪದ ಸಮೆಗಳು, ಆರತಿ ತಟ್ಟೆ, ಅರಿಸಿನ ಕುಂಕುಮದ ಪಂಚಪಾಳ. ಲಕ್ಷ್ಮೀ ಪೂಜೆಗೆ ಬೆಳ್ಳಿ ತೊಳೆಯದೆ ಇಟ್ಟ ಮನೆ ಆ ಕಡೆ ಇಲ್ಲ. ನೆನೆಸಿದ ಹುಣಸೆಹಣ್ಣು ಒಂದು ಬಟ್ಟಲಲ್ಲಿ, ರಂಗೋಲಿ ಪುಡಿ ಇನ್ನೊಂದರಲ್ಲಿ. ಕೊನೆಗೆ ಆಕೆ ಕಪಾಟಿನಿಂದ ನನ್ನ ಡಬ್ಬಿಯನ್ನೂ ತಂದರು.

"ದೊಡ್ಡ ಮಂದಿ ನೋಡಾಕ ಬರೂದು, ಹಿಂಗ ಕರ್ರಗ ಇಟ್ರ ಏನಂದಾರು? ಮನ್ಯಾಗ ಹೆಂಗಸರಿಲ್ಲೇನ ಅಂತಾರ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ನಾನು ಕೂಗಲಾರೆ. ಕೂಗಲು ಬರುತ್ತಿದ್ದರೆ ಸರಾಫ ಕಟ್ಟೆಯಲ್ಲಿ ಮಾಸ್ತರು ಕೂಗಿದ್ದಕ್ಕಿಂತ ಜೋರಾಗಿ ಕೂಗುತ್ತಿದ್ದೆ. ಹುಳಿ ತಾಗಿದ ಮೇಲೆ ಪುಡಿ ಬಂತು, ಪುಡಿಯ ಮೇಲೆ ತೆಂಗಿನ ನಾರು. ನೀಲಿ ಹೋಯಿತು. ನೇರಳೆ ಹೋಯಿತು. ಅಂಚಿನ ಜೇನುಬಣ್ಣ ಸ್ವಲ್ಪ ಹಟ ಮಾಡಿತು, ಆಕೆ ಇನ್ನಷ್ಟು ಒತ್ತಿದರು. ಅಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಅಷ್ಟು ನೋವನ್ನೂ ಯಾರೂ ಕೊಟ್ಟಿರಲಿಲ್ಲ. ತೊಳೆದು, ಸೆರಗಿನಿಂದ ಒರೆಸಿ, ಡಬ್ಬಿಯಲ್ಲಿಟ್ಟು ಕಪಾಟು ಸೇರಿಸಿದರು. ಗಂಡನಿಗೆ ಹೇಳಲಿಲ್ಲ. ತೆರೆದಾಗ ತಾವೇ ನೋಡಿ ಹಿಗ್ಗಲಿ ಎಂದಿರಬೇಕು.

ಮಧ್ಯಾಹ್ನ ಉಪಾಧ್ಯೆಯವರು, ಸವಡಿಯವರು ಬಂದು ಪಡಸಾಲೆಯಲ್ಲಿ ಕೂತರು. ಒಳಗೆ ನೀಲಮ್ಮ ಕರಚಿಕಾಯಿ ಕರಿಯುತ್ತಿದ್ದರು. ಮಾಸ್ತರು ಹೊಸ ಅಂಗಿ ತೊಟ್ಟಿದ್ದರು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಮುಚ್ಚಳ ತೆಗೆದರು.

ನಾನು ಬೆಳ್ಳಗೆ ಹೊಳೆದೆ. ಸರಾಫನ ಅಂಗಡಿಯ ಯಾವುದೇ ಬೆಳ್ಳಿಯ ಹಾಗೆ, ಮೈತುಂಬ ಕೂದಲೆಳೆಯಂಥ ಗೀರುಗಳೊಂದಿಗೆ. ಕಮಲದ ಎಸಳ ಸಂದಿಯಲ್ಲಿ ಹುಣಸೆಯ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಮಾಸ್ತರು ಅದನ್ನು ನೋಡಿದರು. ಅವರ ಹೆಬ್ಬೆರಳು ಮೊದಲ ಸಲ ನನ್ನ ಮುಖದ ಮೇಲೆ ಬಂತು, ಆ ಎಳೆಯನ್ನು ಒರೆಸಿ ತೆಗೆಯಿತು. ಬೇರೆ ಯಾರೂ ನೋಡುವ ಮೊದಲೇ.

ಉಪಾಧ್ಯೆಯವರು ಭೂತಗನ್ನಡಿ ಹಿಡಿದು, ಹಾಗೇ ಕೆಳಗಿಟ್ಟರು. "ಇದರಾಗ ನಾ ಏನ್ ನೋಡ್ಲಿ? ಇದನ್ನ ತಿಕ್ಯಾರ," ಎಂದರು.

"ಯಾರು ತಿಕ್ಕಿದ್ರು ಮಾಸ್ತರ?" ಸವಡಿಯವರು ಕೇಳಿದರು.

ಮಾಸ್ತರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಒಳಗಿಂದ ಎಣ್ಣೆಯ ಸದ್ದು ಬರುತ್ತಿತ್ತು, ಜೊತೆಗೆ ನೀಲಮ್ಮ ಏನೋ ಗುನುಗುತ್ತಿದ್ದರು. "ನಾನ," ಎಂದರು ಮಾಸ್ತರು.

"ಅಂದ್ರ ಬಣ್ಣ ಹಚ್ಚಿದ ಕೈನ ಬಣ್ಣ ಅಳಿಸ್ತು ಅಂದಂಗಾತು. ಪರೀಕ್ಷಾಕ್ಕ ಅಂಜಿ," ಎಂದರು ಸವಡಿಯವರು.

ಮಾಸ್ತರು ನನ್ನನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಅಷ್ಟರಲ್ಲಿ ನೀಲಮ್ಮ ಕರಚಿಕಾಯಿ ತಂದರು, ತಿನ್ನಲು ಒತ್ತಾಯ ಮಾಡಿದರು. ಬಂದವರು ಅರ್ಧ ಮುರಿದು ಬಾಯಿಗೆ ಹಾಕಿಕೊಂಡು ಎದ್ದುಬಿಟ್ಟರು. ಅವರು ಹೋದ ಮೇಲೆ ಆಕೆ ಸೆರಗಿಗೆ ಕೈ ಒರೆಸುತ್ತ ಬಂದು ನಿಂತರು.

"ಏನಂದ್ರು? ನೋಡಿದ್ರಿಲ್ಲೋ, ಹೆಂಗ ಮಾಡೇನಿ?"

"ನೋಡಿದೆ," ಎಂದರು ಮಾಸ್ತರು. "ಭಾಳ ಹೊಳಿತೈತಿ ಅಂದ್ರು."

ಅವರನ್ನು ಸಂಘದಿಂದ ಯಾರೂ ತೆಗೆದುಹಾಕಲಿಲ್ಲ. ಸಭೆ ಇರುವ ಸುದ್ದಿ ಮುಟ್ಟಿಸುವುದನ್ನು ಬಿಟ್ಟರು, ಅಷ್ಟೇ. ಊರು ಚಿಕ್ಕದು, ಬಾಯಿ ದೊಡ್ಡದು. ಡ್ರಾಯಿಂಗ್ ಮಾಸ್ತರು ಹೋಗಿ ಬಣ್ಣದ ಮಾಸ್ತರು ಎಂಬ ಹೆಸರು ಬಂತು. ಆ ಹೆಸರು ಕಿವಿಗೆ ಬಿದ್ದಾಗ ನೀಲಮ್ಮ, ಚಿತ್ರ ಕಲಿಸಿದವರನ್ನು ಹಾಗೆ ಕರೆಯುವುದು ಸಹಜ ಎಂದುಕೊಂಡರು. ಬಜಾರದಲ್ಲಿ ಹಳೆಯ ವಿದ್ಯಾರ್ಥಿಗಳು ನಮಸ್ಕಾರ ಮಾಡಿ ಬೇಗ ಬೇಗ ದಾಟಿ ಹೋಗುತ್ತಿದ್ದರು. ಮಾಸ್ತರು ಉಳಿದ ನಾಣ್ಯಗಳನ್ನು ಯಾರಿಗೋ ಕೊಟ್ಟುಬಿಟ್ಟರು. ನನ್ನನ್ನು ನೀಲಮ್ಮ ದೇವರ ಜಗಲಿಯ ಮೇಲೆ ಇಟ್ಟುಕೊಂಡರು, ಹುಬ್ಬಳ್ಳಿಯ ದೊಡ್ಡವರು ಮೆಚ್ಚಿದ ನಾಣ್ಯವೆಂದು. ಪ್ರತಿ ಹಬ್ಬಕ್ಕೆ ತಿಕ್ಕಿದರು. ಸಿಂಹಗಳ ಮುಖ ಸವೆಯಿತು, ಎಸಳುಗಳು ಒಂದಕ್ಕೊಂದು ಕೂಡಿದವು. ಮಾಸ್ತರು ದೇವರಿಗೆ ಕೈಮುಗಿಯುವಾಗ ಕಣ್ಣು ಮುಚ್ಚಿಯೇ ನಿಲ್ಲುತ್ತಿದ್ದರು. ನನ್ನನ್ನು ನೋಡದಿರಲೆಂದೋ, ಭಕ್ತಿಯೋ, ನನಗೆ ಗೊತ್ತಾಗಲಿಲ್ಲ. ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೆಂಡತಿಗೆ ಕೊನೆಯವರೆಗೂ ಏನೂ ಹೇಳಲಿಲ್ಲ.

ಮಾತನಾಡಿಸಿ ಹೋಗಲು ಸವಡಿಯವರೂ ಬಂದರು. ಅವರಿಗೂ ವಯಸ್ಸಾಗಿತ್ತು. ದೇವರ ಜಗಲಿಯ ಮೇಲೆ ನನ್ನನ್ನು ಗುರುತಿಸಿ, "ಮಾಸ್ತರು ಆವತ್ತು ತಿಕ್ಕಿದ ನಾಣ್ಯ ಇದ ಅಲ್ಲೇನ್ರಿ?" ಎಂದರು.

ನೀಲಮ್ಮ ಅಳುವಿನ ನಡುವೆಯೂ ನಕ್ಕರು. "ಅವರೆಲ್ಲಿ ತಿಕ್ಕತಾರ್ರೀ? ಒಂದು ವಾಟಗಾನೂ ತೊಳದವರಲ್ಲ. ನಾನ ತಿಕ್ಕೀನಿ. ನೀವು ಬರೂ ದಿನಾ ಮುಂಜಾನೆ, ಹುಣಸೆಹಣ್ಣು ಹಚ್ಚಿ."

ಸವಡಿಯವರು ಜಗಲಿಯ ಹತ್ತಿರ ಬಂದು ನನ್ನನ್ನು ಬಾಗಿ ನೋಡಿದರು. "ಅವರಿಗೆ ಗೊತ್ತಿತ್ತೇನ್ರಿ ಅಕ್ಕಾರ?" ಎಂದರು. ನೀಲಮ್ಮನಿಗೆ ಗಾಬರಿಯಾಯಿತು. ಏನಾಯಿತೆಂದು ಕೇಳಿದರು, ಬಿಡದೆ ಕೇಳಿದರು. ಆ ಮನುಷ್ಯ ಹೇಳಬಾರದಿತ್ತು. ಹೇಳಿಬಿಟ್ಟರು, ಮೊದಲಿನಿಂದ ಕೊನೆಯವರೆಗೆ. ಹೇಳಿ ತಾವು ಹಗುರಾಗಿ ಎದ್ದು ಹೋದರು. ಸಂಘದವರಿಗೆಲ್ಲ ತಿಳಿಸುತ್ತೇನೆ ಎಂದೂ ಅಂದರು. ಅಷ್ಟೊತ್ತಿಗೆ ಸಂಘದ ಅರ್ಧ ಜನ ಉಳಿದಿರಲಿಲ್ಲ. ಉಳಿದವರಿಗೆ ಮಾಸ್ತರ ನೆನಪೂ ಇದ್ದಿರಲಾರದು.

ನೀಲಮ್ಮ ಆಮೇಲೆ ಅಳಲಿಲ್ಲ. ನನ್ನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. "ಒಂದು ಮಾತು ಬೈದಿದ್ರೂ ಆಗ್ತಿತ್ತಲ್ರೀ," ಎಂದರು, ನನಗಲ್ಲ.

ಈಗ ನಾನು ಜಗಲಿಯ ಮೇಲಿಲ್ಲ. ಆಕೆ ನನ್ನನ್ನು ತಿಕ್ಕುವುದನ್ನು ಬಿಟ್ಟಿದ್ದಾರೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಬೆಳಿಗ್ಗೆ ಬೆಳಿಗ್ಗೆ ಕಿಟಕಿಯ ಹತ್ತಿರ ತಂದು ಬಿಚ್ಚುತ್ತಾರೆ. ಕಣ್ಣು ಮಂಜಾಗಿದೆ, ಮೂಗಿನವರೆಗೆ ಎತ್ತಿ ನೋಡುತ್ತಾರೆ. "ಬಂತೇನ? ಒಂದೀಟರ ಬಂತೇನ?" ಎಂದು ಕೇಳುತ್ತಾರೆ. ಬಣ್ಣ ಬಂದರೆ ಹುಬ್ಬಳ್ಳಿಗೆ ಒಯ್ದು ಯಾರಿಗಾದರೂ ತೋರಿಸಬೇಕೆಂದು ಆಕೆಯ ಆಸೆ. ತಿಕ್ಕಿಸಿಕೊಂಡ ಬೆಳ್ಳಿಗೆ ಮತ್ತೆ ಬರುವ ಬಣ್ಣವನ್ನು ಪರಿಣತರು ಒಪ್ಪುವುದಿಲ್ಲ ಎಂಬುದು ಆಕೆಗೆ ತಿಳಿಯದು. ನನಗೆ ಗೊತ್ತು. ಆದರೂ ಆಕೆ ಕೇಳುವಾಗ ನನಗೆ ಬಣ್ಣ ತಂದುಕೊಳ್ಳಬೇಕೆನಿಸುತ್ತದೆ, ಒಂದು ಉಗುರಿನಷ್ಟಾದರೂ. ಅಷ್ಟಕ್ಕೇ ನನಗೆ ಇನ್ನೂ ಎಷ್ಟೋ ವರ್ಷ ಬೇಕು. ನೀಲಮ್ಮನಿಗೆ ಎಪ್ಪತ್ತೆಂಟು.