ಬ್ರೇಕಿನ ಮೇಲಿನ ಕುಂಕುಮ

"ಕ್ಲಚ್ಚು ಪೂರ್ತಿ ಒತ್ತು ಅಂದ್ನಲ್ಲೇ! ಇಂಗೆ ಮುಟ್ಟಿ ಮುಟ್ಟಿ ನೋಡೋಕೆ ಅದೇನು ಕಾದ ಕಾವಲಿಯಾ?"

ಸುಧಾಕರ್ ಕಿರುಚಿದ. ವ್ಯಾನು ಎರಡು ಸಲ ಮುಗ್ಗರಿಸಿ, ಕೆಮ್ಮಿ, ನಿಂತೇಹೋಯಿತು. ಬೆಳಗಿನಿಂದ ಇದು ಹದಿನಾಲ್ಕನೆಯ ಸಲ. ಹಳೇ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ಈ ಬಯಲಿನಲ್ಲಿ ಗುದ್ದೋಣವೆಂದರೂ ಒಂದು ಮರವಿಲ್ಲ, ಅದಕ್ಕೇ ಇಲ್ಲಿಗೆ ಬಂದದ್ದು. ಊರು ಬೂದಿಕೋಟೆಯಿಂದ ವ್ಯಾನು ಓಡಿಸಿ ತಂದುಕೊಟ್ಟ ಪಕ್ಕದ ಮನೆಯ ಆದಿನಾರಾಯಣ ಟೀ ಕುಡಿಯಲು ಹೋದವನು ಮತ್ತೆ ಇತ್ತ ತಲೆಹಾಕಿರಲಿಲ್ಲ. ಬುದ್ಧಿವಂತ.

ಹನ್ನೊಂದು ವರ್ಷ ಇದೇ ವ್ಯಾನಿನಲ್ಲಿ ಊರಿನ ಸೊಪ್ಪು, ತರಕಾರಿಯನ್ನು ಬಂಗಾರಪೇಟೆ ಮಾರ್ಕೆಟ್ಟಿಗೆ ಸಾಗಿಸಿದವನು ಸುಧಾಕರ್. ಸಕ್ಕರೆ ಕಾಯಿಲೆ ಅವನ ಬಲಗಾಲಿನ ಬೆರಳುಗಳನ್ನು ತಿಂದುಹಾಕಿತು. ಮೂರು ತಿಂಗಳಿಂದ ವ್ಯಾನು ಅಂಗಳದಲ್ಲೇ ನಿಂತಿತ್ತು. ಈ ವಾರ ಗಾಡಿ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಬೆಳೆಗಾರರು ಹೇಳಿಯಾಗಿತ್ತು. ನಾಳೆ ಹೆಂಡತಿ ಶ್ಯಾಮಲಾಗೆ ಲೈಸೆನ್ಸ್ ಟೆಸ್ಟು. ಆಗಲೇ ಎರಡು ಸಲ ಫೇಲಾಗಿದ್ದಳು.

ಅವಳು ಚಪ್ಪಲಿಯನ್ನು ಕೆಳಗೇ ಬಿಟ್ಟು, ಬರಿಗಾಲಲ್ಲಿ ಕೂತು, ಮತ್ತೆ ಕೀಲಿ ತಿರುಗಿಸಿದಳು. ಎಡಗಡೆ ಸೀಟಿನಲ್ಲಿ ಸುಧಾಕರ್ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಹಿಡಿಯುತ್ತಿದ್ದ. ಬ್ಯಾಂಡೇಜಿನೊಳಗೆ ಕಾಲು ಚುರ್ರೆನ್ನುತ್ತಿತ್ತು. ಇವಳ ಹತ್ತು ಬೆರಳೂ ನೆಟ್ಟಗಿವೆ, ಒತ್ತೋಕೇನು ರೋಗ ಎಂದು ಅವನಿಗೆ ಹೊಟ್ಟೆಕಿಚ್ಚು.

ವ್ಯಾನು ಹೇಗೋ ಹೊರಟಿತು. ಮುಂದೆ ಚರಂಡಿ.

"ಬ್ರೇಕು! ಬ್ರೇಕೊತ್ತೇ!"

ಒತ್ತಿದಳು, ಪಾದದ ಅಂಚಿನಿಂದ. ವ್ಯಾನು ತೆವಳಿಕೊಂಡು ಹೋಗಿ ಚರಂಡಿಗೆ ಒಂದು ಗೇಣಿನ ದೂರದಲ್ಲಿ ನಿಂತಿತು.

"ಓರೆಯಾಗಿ ಒತ್ತಿದ್ರೆ ನಿಲ್ತದಾ? ನಡುಮಧ್ಯೆ ಒತ್ತಬೇಕು ಅಂತ ಎಷ್ಟು ಸಲ ಬಡ್ಕೊಳ್ಲಿ?"

"ನಡುಮಧ್ಯೆ ಎಲ್ಲಿ ಒತ್ಲಿ?" ಶ್ಯಾಮಲಾ ಅಳುವಂತಾದಳು. "ಕುಂಕುಮ ಐತಲ್ರೀ ಅಲ್ಲಿ!"

ಸುಧಾಕರ್ ಬಗ್ಗಿ ನೋಡಿದ. ಮೂರು ಪೆಡಲ್‌ಗೂ ಅರಿಶಿನ ಸವರಿ, ನಡುವೆ ಒಂದೊಂದು ಕುಂಕುಮದ ಬೊಟ್ಟು. ಹಿಂದಿನ ಸೀಟಿನಲ್ಲಿ ಕೂತಿದ್ದ ತಾಯಿ ಆದಿಲಕ್ಷ್ಮಮ್ಮನ ಕಡೆ ತಿರುಗಿದ.

"ಇದೇನಮ್ಮಾ ನಿನ್ನ ಅವಾಂತರ? ಯಾವಾಗ್ಲಿಂದ?"

"ನೀನು ಗಾಡಿ ತಂದಾಗ್ಲಿಂದ ಕಣ್ಲಾ. ದಿನಾ ಇಡ್ತೀನಿ. ಇವತ್ತು ಆದಿನಾರಾಯಣ ಇಳಿದ್ಮ್ಯಾಕೆ ಇನ್ನೊಂದ್ಸಲ ಇಟ್ಟೆ."

"ನಾನು ಒಂದಿನಾನೂ ನೋಡಿಲ್ವಲ್ಲ!"

"ನೀನೆಲ್ಲಿ ನೋಡ್ತೀಯಾ? ಕೋಳಿ ಕೂಗೋ ಒತ್ನಲ್ಲಿ ಬಂದು ಚಪ್ಪಲಿ ಕಾಲಲ್ಲೇ ತುಳ್ಕಂಡು ಓಯ್ತಿದ್ದೆ. ತುಳಿದ್ರೆ ತುಳೀಲಿ, ಮಗ ಸಂಜೆಗೆ ಮನೆ ಸೇರಿದ್ರೆ ಸಾಕು ಅಂತ ಸುಮ್ಕಿದ್ದೆ."

ಸುಧಾಕರ್ ಬ್ಯಾಂಡೇಜಿನ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಹನ್ನೊಂದು ವರ್ಷ ತಾನು ತುಳಿದದ್ದು ಇದನ್ನೇ ಎಂದು ನೆನೆದು ನಾಚಿಕೆಯಾಯಿತು.

ಆದಿಲಕ್ಷ್ಮಮ್ಮ ಕೆಳಗಿಳಿದು ಸುತ್ತಿ ಬಂದಳು. ಬಾಗಿಲು ತೆಗೆದು ಮೂರು ಪೆಡಲನ್ನೂ ಸೆರಗಿನಿಂದ ಒರೆಸಿದಳು. ಸೊಂಟದ ಚೀಲದಿಂದ ಅರಿಶಿನ ಕುಂಕುಮದ ಡಬ್ಬಿ ತೆಗೆದು, ನೆಲದ ಮೇಲೆ ಕೂತು, ಸೊಸೆಯ ಪಾದ ಹಿಡಿದುಕೊಂಡಳು.

"ಅಯ್ಯೋ, ಬ್ಯಾಡ ಅತ್ತೆ! ನೀವು ನನ್ ಕಾಲು ಮುಟ್ಟಬಾರ್ದು!"

"ಸುಮ್ಕಿರಮ್ಮಿ." ಎರಡೂ ಪಾದಕ್ಕೆ ಅರಿಶಿನ ಸವರಿ ಬೊಟ್ಟಿಟ್ಟಳು. "ಇವನ ಕೈಕಾಲು ನೆಟ್ಟಗಿರ್ಲಿ ಅಂತ ಪೆಡಲ್‌ಗೆ ಇಟ್ಟೆ. ಇರ್ಲಿಲ್ಲ. ಇನ್ಮ್ಯಾಕೆ ಕಾಲಿಗೇ ಇಡ್ತೀನಿ. ಈಗ ಒತ್ತು, ಅದೆಂಗೆ ನಿಲ್ಲಲ್ವೋ ನೋಡಾನ."

ಶ್ಯಾಮಲಾ ಕಣ್ಣೊರೆಸಿಕೊಂಡು ಕ್ಲಚ್ಚನ್ನು ತಳದವರೆಗೆ ತುಳಿದಳು. ವ್ಯಾನು ಹಿಂದೆ ಸರಿದು, ತಿರುಗಿ, ಬಯಲನ್ನು ಒಂದು ಸುತ್ತು ಹಾಕಿತು. ಒಮ್ಮೆಯೂ ಕೆಮ್ಮಲಿಲ್ಲ.

"ಬ್ರೇಕು!" ಎಂದ ಸುಧಾಕರ್.

ಅವಳು ಪೂರ್ತಿ ಪಾದವಿಟ್ಟು ಒದ್ದಳು. ಅವನ ಹಣೆ ಹೋಗಿ ಮುಂದಿನ ಗಾಜಿಗೆ ಟಣ್ಣನೆ ಬಡಿಯಿತು.

"ಲೇ, ಮೆಲ್ಲಗೇ! ಸಾಯಿಸ್ತೀಯಾ?"

ಹಣೆ ಉಜ್ಜಿಕೊಳ್ಳುತ್ತಿರುವಾಗ ಅವನಿಗೆ ಗೊತ್ತಾಯಿತು, ಈ ಸಲ ತನ್ನ ಕಾಲು ಇಲ್ಲದ ಬ್ರೇಕನ್ನು ಒತ್ತಿರಲಿಲ್ಲ.