ಬೀಗರಿಗೆಂದು ತುಂಬಿದ ನೀರು

ಉಗುಳುವುದಕ್ಕೂ ಒಂದು ಜಾಗ ಇರುತ್ತದೆ ಎಂದು ತಿಳಿಯದ ಮನುಷ್ಯನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೊಲ್ಲಾಪುರದ ಬಾಳಾಸಾಹೇಬ ನಮ್ಮ ಹಿಪ್ಪರಗಿಗೆ ಬಂದು ಇನ್ನೂ ಮೈಮೇಲಿನ ಧೂಳು ಕೊಡವಿಕೊಂಡಿರಲಿಲ್ಲ, ಆಗಲೇ ಬಾಗಿಲ ಪಕ್ಕದ ಗೋಡೆಗೆ ಎಲೆ ತಂಬಾಕು ಪಿಚಕ್ಕನೆ ಉಗುಳಿದ. ಹಿಂದಿನ ದಿನವಷ್ಟೇ ಆ ಗೋಡೆಗೆ ನಾನು ಸುಣ್ಣ ಬಳಿದಿದ್ದೆ. ಮದುವೆ ಗಂಡು ನಾಮದೇವನ ಸೋದರಮಾವ ಅವನು, ಮಿಲ್ಲಿನಲ್ಲಿ ಆಳುಗಳ ಮೇಲಿನ ಮುಕಾದಮ. ಮುಂಬೈ ಸರಕಾರ ದಾರೂಬಂದಿ ಮಾಡಿ ಎರಡು ವರ್ಷವಾಗಿತ್ತು. ಅವನ ಬಾಯಿಯ ವಾಸನೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಮದುಮಗಳು ತಂಗೆವ್ವ ನನ್ನ ಮೈದುನ ಲಗಮಣ್ಣನ ಮಗಳು. ಹೆತ್ತವಳು ತೀರಿಕೊಂಡಾಗ ಹುಡುಗಿಗೆ ಎರಡು ವರ್ಷ. ಅಂದಿನಿಂದ ಅವಳ ತಲೆ ಬಾಚಿದ್ದು, ಜ್ವರ ಬಂದಾಗ ಎದೆಗವಚಿಕೊಂಡು ಕುಳಿತದ್ದು ನಾನು, ಅವಳ ದೊಡ್ಡವ್ವ. ಮದುವೆ ಸುಸೂತ್ರವಾಗಿಯೇ ಆಯಿತು. ಆದರೆ ಊಟದ ಪಂಕ್ತಿಯಲ್ಲಿ ತುಪ್ಪ ಹಳಸಿದೆ ಎಂದು ಮೂಗು ಮುಚ್ಚಿಕೊಂಡ ಒಬ್ಬ ಬೀಗತಿಗೆ, ಹಳಸಿದ್ದು ತುಪ್ಪವೋ ಮೂಗೋ ನೋಡಿಕೋ ಎಂದು ನಾನು ಹೇಳಿಬಿಟ್ಟೆ. ಅದು ದೊಡ್ಡದಾಗಿ, ಲಗಮಣ್ಣ ಅವರ ಕಾಲು ಹಿಡಿಯುವಷ್ಟಕ್ಕೆ ಹೋಯಿತು.

ಅಷ್ಟಾದರೂ ಮರುದಿನ ಬೀಗರಿಗೆ ಹೊಳೆ ನೋಡಬೇಕಿತ್ತು. ಸೊಲ್ಲಾಪುರದಲ್ಲಿ ಮಿಲ್ಲಿನ ಚಿಮಣಿ ನೋಡಿ ನೋಡಿ ಬೇಸತ್ತವರು, ಕೃಷ್ಣೆಯ ಮರಳಿನಲ್ಲಿ ಕುಳಿತು ಹಸಿ ಜೋಳ ಸುಟ್ಟ ಸೀತನಿ ತಿನ್ನಬೇಕು ಎಂದು ಹಟ ಹಿಡಿದರು. ಮಾಘ ಮಾಸ, ನಮ್ಮ ಹೊಳೆದಂಡೆಯ ಹೊಲದಲ್ಲಿ ಜೋಳದ ತೆನೆ ಇನ್ನೂ ಹಸಿಯಾಗಿತ್ತು. ಲಗಮಣ್ಣ ಮೂರು ಗಾಡಿ ಹೂಡಿಸಿದ. ಹೊಳೆಯಿಂದ ಬಂದ ಮೇಲೆ ಸಂಜೆಗೆ ಹುಡುಗಿಯನ್ನು ಕರೆದುಕೊಂಡು ಅವರು ಹೊರಡುವುದು ಎಂದಾಯಿತು.

ಗಾಡಿ ಹೂಡುವ ಮೊದಲು ಲಗಮಣ್ಣ ನಮ್ಮ ಮನೆದೇವರು ಬೀರಪ್ಪನ ಭಂಡಾರದ ಚೀಲ ಹಿಡಿದು ಅಡಿಗೆಮನೆಗೆ ಬಂದ.

“ವೈನಿ, ಇವತ್ತ ಒಂದ ದಿನ ನಿಮ್ಮ ಬಾಯಿ ನನಗ ಕೊಡ್ರಿ. ಬೀಗರ ಗಾಡಿ ಊರ ಅಗಸಿ ದಾಟೂತನಕ ಅವರಿಗೆ ಒಂದ ಬಿರುಸು ಮಾತ ಆಡಬ್ಯಾಡ್ರಿ. ನೀವು ಆಡಿದ್ದೆಲ್ಲಾ ನಾಳೆ ಹುಡುಗಿ ತಲಿಮ್ಯಾಲೆ ಬೀಳತೈತಿ.”

ಅವನು ಹೇಳಿದ್ದು ಖರೆ. ಹೊಸ ಸೊಸೆಗೆ ತವರಿನವರ ಒಂದು ತಪ್ಪು ಮಾತು ಸಾಕು, ಮುದುಕಿಯಾಗುವ ತನಕ ಅದನ್ನೇ ಆಡಿ ತೋರಿಸುತ್ತಾರೆ. ನಾನು ಅರಿಸಿನದ ಭಂಡಾರ ಮುಟ್ಟಿ ಆಣೆ ಮಾಡಿದೆ. ಆ ಆಣೆ ಮುರಿದವರು ನಮ್ಮ ಮನೆತನದಲ್ಲಿ ಇಲ್ಲ.

ಹೊಳೆ ದಂಡೆಗೆ ಹೋದ ಮೇಲೆ ಶುರುವಾಯಿತು ನೋಡಿ. ಲಗಮಣ್ಣ ಮರಳಿನ ಮೇಲೆ ಕರಿ ಕಂಬಳಿ ಹಾಸಿದ. ನಮಗೆ ಕಂಬಳಿ ಎಂದರೆ ದೇವರು ಕೂಡುವ ಗದ್ದುಗೆ. ಬಾಳಾಸಾಹೇಬ ಬೂಟುಗಾಲಿನಲ್ಲಿ ಅದರ ಮೇಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು, ನೀರು ಅಷ್ಟೇನೂ ಇಲ್ಲವಲ್ಲ ಎಂದ. ಕುಣಿಯಲ್ಲಿ ಕುಳ್ಳಿನ ಕೆಂಡ ಮಾಡಿ ತೆನೆ ಸುಟ್ಟು, ಅಂಗೈ ಸುಡುತ್ತಿದ್ದರೂ ತಿಕ್ಕಿ ತಿಕ್ಕಿ ಕಾಳು ಉದುರಿಸಿ ಕೊಟ್ಟರೆ, ಅವರ ಮಂದಿ ಒಂದು ಹಿಡಿ ಬಾಯಿಗೆ ಹಾಕಿ ಇನ್ನೊಂದು ಹಿಡಿ ಮರಳಿಗೆ ಚೆಲ್ಲಿದರು. ಒಬ್ಬಳು ಕೂಸಿನ ಅಂಡು ತೊಳೆದ ಕೈಯನ್ನು ಕಂಬಳಿಯ ಅಂಚಿಗೆ ಒರೆಸಿದಳು. ಇನ್ನೊಬ್ಬಳು ತಂಗೆವ್ವನ ಸೆರಗು ಬೆರಳಲ್ಲಿ ತಿಕ್ಕಿ, ರಬಕವಿಯ ಸೀರೆ ಒಂದು ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದಳು. ಆ ಬೆರಳಿಗೆ ಚಟ್ನಿಯ ಎಣ್ಣೆ ಹತ್ತಿತ್ತು. ನಾಲಿಗೆ ಕಚ್ಚಿಕೊಂಡು ಕಾಳು ಹಂಚಿದೆ.

ಒಬ್ಬಳು ಮಾತ್ರ ಸುಮ್ಮನಿದ್ದಳು, ಹುಡುಗಿಯ ಅತ್ತೆ ಸುಂದರವ್ವ. ಅವಳೂ ಅದೇ ಹಿಂಡಿನ ಕುರಿ ಎಂದು ನಾನು ಅವಳ ಮುಖವನ್ನೂ ನೋಡಲಿಲ್ಲ.

ಈಗ ನಮ್ಮ ವರ್ತಿಯ ಮಾತು ಹೇಳಬೇಕು. ದನ ಎಮ್ಮೆ ಮೀಯುವ ಹೊಳೆಯ ನೀರನ್ನು ನಾವು ಕುಡಿಯುವುದಿಲ್ಲ. ದಂಡೆಯ ಮರಳಿನಲ್ಲಿ ಮೊಣಕಾಲುದ್ದ ತೋಡಿದರೆ ತಿಳಿನೀರು ಒಸರಿ ನಿಲ್ಲುತ್ತದೆ, ಅದೇ ವರ್ತಿ. ಯಾರು ತೋಡಿದರೋ ಅವರು ಅದನ್ನು ಕಾಯಬೇಕು. ಒಳಗೆ ಕಾಲಿಡುವಂತಿಲ್ಲ, ಎಂಜಲು ಕೈ ಅದ್ದುವಂತಿಲ್ಲ. ಹೊಲಸು ಬಿದ್ದರೆ ಮೂರು ಸಲ ಪೂರ್ತಿ ತೋಡಿ ಚೆಲ್ಲಿ, ಹೊಸ ನೀರು ಬರುವ ತನಕ ಕಾದು ಕೂಡಬೇಕು. ಆ ವರ್ಷದ ವರ್ತಿ ನಾನೇ ತೋಡಿದ್ದು. ಸುತ್ತ ಕಲ್ಲು ಜೋಡಿಸಿದ್ದೆ, ಮೊಗೆಯಲು ತೆಂಗಿನ ಪರಟೆ ಇಟ್ಟಿದ್ದೆ.

ಊಟಕ್ಕೆ ಕೂಡುವ ಮೊದಲು ನಾನು ಆ ಕಡೆ ಹೋದರೆ, ಬಾಳಾಸಾಹೇಬ ನನ್ನ ಕಲ್ಲಿನ ಮೇಲೆ ಕುಳಿತಿದ್ದಾನೆ. ಬೂಟು ಕಳಚಿ ಎರಡೂ ಪಾದ ವರ್ತಿಯೊಳಗೆ ಬಿಟ್ಟಿದ್ದಾನೆ. ಬೊಗಸೆಯಲ್ಲಿ ನೀರೆತ್ತಿ, ಗಳಗಳ ಮುಕ್ಕಳಿಸಿ, ಬಾಯೊಳಗಿನ ತಂಬಾಕಿನ ಚರಟವನ್ನೆಲ್ಲ ಅದರೊಳಗೇ ಉಗುಳಿದ. ನನ್ನನ್ನು ಕಂಡು, ಕೈಕಾಲು ತೊಳೆಯಲು ಒಳ್ಳೆಯ ಸೋಯಿ ಮಾಡಿದ್ದೀರಿ ಎಂದು ಬೇರೆ ಹೊಗಳಿದ. ನನ್ನ ಕೈಯೊಳಗಿನ ಕೊಡ ಅವನ ತಲೆಗೆ ಎಷ್ಟು ಹತ್ತಿರವಿತ್ತು ಎಂಬುದು ಬೀರಪ್ಪನಿಗೆ ಗೊತ್ತು. ಸುತ್ತ ಬೇರೆ ಯಾರೂ ಇರಲಿಲ್ಲ. ಲಗಮಣ್ಣ ಕೆಂಡದ ಹತ್ತಿರ, ಹೆಂಗಸರು ಹೊಲದ ಬದುವಿನ ಮೇಲೆ. ನಾನು ತಲೆಯಾಡಿಸಿ ಹಿಂದಕ್ಕೆ ಬಂದೆ.

ಊಟದಲ್ಲಿ ಕೆಂಪು ಖಾರ ಅವರಿಗೆ ನೆತ್ತಿಗೇರಿತು. ಎಲ್ಲರೂ ನೀರು ನೀರು ಎನ್ನತೊಡಗಿದರು. ಮನೆಯಿಂದ ತಂದ ಎರಡು ಕೊಡದ ನೀರನ್ನು ಮುಖ ತೊಳೆದೇ ಖಾಲಿ ಮಾಡಿದ್ದರು. ಲಗಮಣ್ಣ ನನಗೆ ವರ್ತಿಯಿಂದ ತರಲು ಹೇಳಿದ.

ಮೇಲೆ ನೀರು ತಿಳಿಯಾಗಿತ್ತು. ಚರಟವೆಲ್ಲ ತಳಕ್ಕೆ ಇಳಿದು ಮರಳಿನಲ್ಲಿ ಕೂತಿತ್ತು. ಮೂರು ಸಲ ತೋಡಿ ಚೆಲ್ಲಬೇಕಿತ್ತು. ನಾನು ಚೆಲ್ಲಲಿಲ್ಲ. ಪರಟೆಯಿಂದ ಮೇಲುಮೇಲಿನ ನೀರು ಮೊಗೆದು ಕೊಡ ತುಂಬಿದೆ. ಆಣೆ ಮಾಡಿದ್ದು ಬಾಯಿಗೆ, ಕೈಗಲ್ಲವಲ್ಲ. ಕುಡಿಯಲಿ, ತಮ್ಮ ಮನೆಯ ಹೊಲಸನ್ನು ತಾವೇ ಕುಡಿಯಲಿ ಎಂದುಕೊಂಡಾಗ ಬೆಳಗಿನಿಂದ ಮೊದಲ ಸಲ ನನ್ನ ಎದೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ, ನಗುತ್ತಲೇ ಕೊಡ ಹೊತ್ತು ಬಂದೆ.

ಮೊದಲ ಚರಗಿ ತುಂಬಿ ಬಾಳಾಸಾಹೇಬನ ಕಡೆ ಚಾಚಿದೆ. ನಡುವೆ ಸುಂದರವ್ವ ಕೈ ಹಾಕಿ ಅದನ್ನು ಇಸಿದುಕೊಂಡಳು. ಅವನಿಗಲ್ಲ, ತಂಗೆವ್ವನಿಗೆ ಕೊಟ್ಟಳು.

“ಮುಂಜಾನಿಯಿಂದ ಹುಡುಗಿ ತುಟಿ ಒಣಗಿಸಿಕೊಂಡ ಕುಂತದ. ನಮ್ಮ ಮಂದ್ಯಾಗ ಒಬ್ಬರೂ ಕೇಳಲಿಲ್ಲ. ಮೊದಲ ನೀ ಕುಡಿಯವ್ವ.”

ಅವರ ಮಂದಿಯಲ್ಲಿ ಮಾತ್ರವೇ? ನಾನೂ ಕೇಳಿರಲಿಲ್ಲ. ಬೀಗರ ಎದುರು ಹೊಸ ಮದುಮಗಳು ನೀರು ಕೇಳುವುದಿಲ್ಲ ಎಂದು ಗೊತ್ತಿದ್ದೂ, ಯಾರು ಎಲ್ಲಿ ಉಗುಳಿದರು ಎಂದು ನೋಡುವುದರಲ್ಲಿ ನಾನು ನನ್ನ ಕೂಸಿನ ನೀರಡಿಕೆಯನ್ನು ಮರೆತಿದ್ದೆ. ತಂಗೆವ್ವ ತಲೆ ಬಗ್ಗಿಸಿಕೊಂಡೇ ಚರಗಿಯನ್ನು ಬಾಯಿಗೆ ಎತ್ತಿದಳು. ಆ ಕೈಗಳ ಅರಿಸಿನ ಇನ್ನೂ ಹೋಗಿರಲಿಲ್ಲ.

ನೀರಿನಲ್ಲಿ ಹುಳ ಬಿದ್ದಿದೆ ಎನ್ನಬಹುದಿತ್ತು. ಆ ಮಾತು ನನಗೆ ಹೊಳೆದದ್ದು ಮೂರು ದಿನದ ಮೇಲೆ. ಆಗ ನಾನು ಮಾಡಿದ್ದು ಇಷ್ಟೇ: ಮದುಮಗಳ ಕೈಯಿಂದ ಚರಗಿ ಕಸಿದುಕೊಂಡೆ, ಎಲ್ಲರೂ ನೋಡುತ್ತಿರುವಂತೆಯೇ ಗಟಗಟನೆ ತಳದ ತನಕ ಕುಡಿದೆ. ಸುಣ್ಣ, ತಂಬಾಕು, ಇನ್ನೂ ಏನೇನೋ. ಆ ರುಚಿ ಇದ್ದದ್ದೋ, ನನ್ನ ನಾಲಿಗೆ ಹುಟ್ಟಿಸಿಕೊಂಡದ್ದೋ ತಿಳಿಯದು. ತಿರುಗುವಾಗ ಕೊಡಕ್ಕೆ ಕಾಲು ತಾಗಿಸಿ ಅದನ್ನೂ ಉರುಳಿಸಿದೆ. ನೀರೆಲ್ಲ ಮರಳು ಕುಡಿಯಿತು.

ಲಗಮಣ್ಣನ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಬಾಳಾಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಪ್ಪರಗಿಯ ಬೀಗತಿ ಮದುಮಗಳ ಬಾಯಿಂದ ನೀರು ಕಿತ್ತುಕೊಂಡು ಕುಡಿದದ್ದನ್ನು ಸೊಲ್ಲಾಪುರದಲ್ಲಿ ಮನೆ ಮನೆಗೂ ಹೇಳುತ್ತೇನೆ ಎಂದ. ಎಲ್ಲರೂ ನಕ್ಕರು. ತಂಗೆವ್ವ ಮಾತ್ರ ಖಾಲಿ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ನನ್ನ ಸಲುವಾಗಿ ಅವಳು ನಾಚಿದ್ದಳು.

ನಾನು ಮತ್ತೆ ವರ್ತಿಗೆ ಹೋಗಿ ಮೊಣಕಾಲೂರಿ ಕುಳಿತು ಮೂರು ಸಲ ತೋಡಿ ಚೆಲ್ಲಿದೆ. ನೀರು ನಿಧಾನಕ್ಕೆ ಒಸರುತ್ತಿತ್ತು. ಕಾಯುತ್ತ ಕುಳಿತವಳು ಎದ್ದು ಜಾಲಿ ಗಿಡದ ಹಿಂದೆ ಹೋಗಿ ಎಲ್ಲವನ್ನೂ ಕಾರಿದೆ. ಬೆಳಗಿನಿಂದ ಅವರನ್ನು ಕಂಡು ಹೇಸಿದ್ದೇ ಹೇಸಿದ್ದು. ಅಲ್ಲಿ ಬಗ್ಗಿ ನಿಂತಾಗ ಮಾತ್ರ ನನ್ನನ್ನು ಕಂಡು ಹೇಸಿಗೆಯಾಯಿತು. ಅವನು ಗೊತ್ತಿಲ್ಲದೆ ಉಗುಳಿದ್ದ, ನಾನು ಗೊತ್ತಿದ್ದೂ ಮೊಗೆದಿದ್ದೆ. ಹೊಸ ನೀರು ತಂದುಕೊಟ್ಟ ಮೇಲೆ ಸುಂದರವ್ವ ಮೊದಲು ಹುಡುಗಿಗೆ ಕುಡಿಸಿ, ಆಮೇಲೆ ತಾನು ಕುಡಿದು, ನಿಮ್ಮ ನೀರು ಬಹಳ ಸಿಹಿ ಎಂದಳು. ಸಂಜೆಗೆ ಗಾಡಿಗಳು ಅಗಸಿ ದಾಟಿದವು. ಒಂದೇ ಒಂದು ಬಿರುಸು ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ನಾಗರ ಪಂಚಮಿಗೆ ತಂಗೆವ್ವ ತವರಿಗೆ ಬಂದಳು. ಮೈ ತುಂಬಿಕೊಂಡಿದ್ದಳು, ಅತ್ತೆ ಮಗಳಂತೆ ನೋಡಿಕೊಳ್ಳುತ್ತಾಳಂತೆ. ಬಾಳಾಸಾಹೇಬ ಮಾತ್ರ ಮನೆಗೆ ಬಂದಾಗಲೆಲ್ಲ ಅವಳು ಚರಗಿ ಮುಟ್ಟಿದರೆ ಸಾಕು, ನಿಮ್ಮ ನಿಮ್ಮ ನೀರು ಜ್ವಾಕಿ ಮಾಡಿಕೊಳ್ಳಿ, ಇವಳು ದೊಡ್ಡವ್ವನ ಮಗಳು ಎಂದು ಎಲ್ಲರನ್ನೂ ನಗಿಸುತ್ತಾನಂತೆ. ಓಣಿಯ ಮಂದಿಯೂ ಈಗ ಅದನ್ನೇ ಅನ್ನುತ್ತಾರಂತೆ.

“ಅವತ್ತ ಯಾಕ ಹಂಗ ಮಾಡಿದಿ ದೊಡ್ಡವ್ವಾ?”

ಆಣೆ ಎಂದೋ ತೀರಿತ್ತು, ಹೇಳಬಹುದಿತ್ತು. ಬಾಳಾಸಾಹೇಬನ ಮಾತು ಹೇಳಿದರೆ ಕೊಡದ ಮಾತೂ ಹೇಳಬೇಕಾಗುತ್ತಿತ್ತು. ಆ ಕೊಡ ನಾನು ತುಂಬಿದ್ದು ಸುಂದರವ್ವನಿಗೂ ಸೇರಿಸಿಯೇ.

“ನೀರಡಿಸಿತ್ತವ್ವ,” ಎಂದೆ.

ಹುಡುಗಿ ಎದ್ದು ಒಳಗೆ ಹೋದಳು. ಬರುವಾಗ ಚರಗಿ ತುಂಬಿ ತಂದು, ಎರಡೂ ಕೈಯಿಂದ ಹಿಡಿದು ನನ್ನ ಬಾಯಿಯ ಹತ್ತಿರ ತಂದಳು.

“ಈಗ ಸಾವಕಾಶ ಕುಡಿ. ಯಾರೂ ಇಲ್ಲ.”