ಅತ್ತರು ಮುಟ್ಟದ ಕೈ

ಅರಬ್ ಬಂದರು ಮತ್ರಾದ ನಮ್ಮ ಓಣಿಯ ಹೆಂಗಸರು ಬೇಕಾದರೆ ಚಪ್ಪಲಿ ಮರೆತು ಹೊರಟಾರು, ಅತ್ತರು ಮರೆತು ಹೊರಡುವವರಲ್ಲ. ಎದುರು ಮನೆಗೆ ಎರಡು ಈರುಳ್ಳಿ ಕೇಳಲು ಹೋಗುವಾಗಲೂ ಬಟ್ಟೆಗೆ ಅಗರು ಮರದ ಊದಿನ ಹೊಗೆ ಹಿಡಿಸಿ, ಕಿವಿಯ ಹಿಂದೆ ಗುಲಾಬಿ ತೀಡಿಕೊಂಡೇ ಹೋಗಬೇಕು. ಅಂಥ ಓಣಿಯಲ್ಲಿ, ಅತ್ತರು ಮಾಡಿಯೇ ಹೆಸರಾದ ಝುವೈನಾಳಿಗೆ ಅತ್ತರು ನಿಷಿದ್ಧವಾಯಿತು. ಗಂಡ ಹುಮೈದ್ ತೀರಿಕೊಂಡಿದ್ದ. ನಾಲ್ಕು ತಿಂಗಳು ಹತ್ತು ದಿನದ ಶೋಕದ ಅವಧಿ, ಇದ್ದತ್, ಮುಗಿಯುವ ತನಕ ವಿಧವೆ ಮೈಗೆ ಸುಗಂಧ ಸೋಕಿಸುವಂತಿಲ್ಲ.

ಅವಳಿಗೂ ಅದು ಬೇಕಿರಲಿಲ್ಲ. ಆದರೆ ಮಾತು ಕೊಟ್ಟಾಗಿತ್ತು. ಎದುರು ಮನೆಯ ನಸ್ರಾಳ ಮಗಳು ಅಝ್ಝಾ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಮದುವೆ ಗೊತ್ತಾದಾಗ ಓಡಿ ಬಂದು, "ಊದು ಹಚ್ಕೊಂಡ್ರೆ ಏಸಿ ರೂಮಲ್ಲಿ ತಲೆ ಸಿಡಿಯತ್ತೆ ಚಿಕ್ಕಮ್ಮ. ನಂಗೆ ಹಗುರವಾದ ಕಸ್ತೂರಿ ಮಾಡ್ಕೊಡು. ಆದ್ರೆ ಅಜ್ಜಿಯಂದಿರು ಮೂಸಿದ್ರೆ ಇದು ನಮ್ದೇ ಅನ್ಬೇಕು" ಎಂದು ಗಂಟು ಬಿದ್ದಿದ್ದಳು. ಝುವೈನಾ ಒಪ್ಪಿಕೊಂಡಾಗ ಹುಮೈದ್ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಅವನೆದುರು ಅವಳು ಕೊಟ್ಟ ಕೊನೆಯ ಮಾತು ಅದು. ಅದನ್ನು ಮುರಿಯಲು ಅವಳಿಗೆ ಮನಸ್ಸು ಬರಲಿಲ್ಲ.

ಮಸೀದಿಯ ಹಿಂದಿನ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಕುರಾನ್ ಕಲಿಸುವ ಹಿರಿಯ ಹೆಂಗಸನ್ನು ಫೋನಿನಲ್ಲಿ ಕೇಳಿದಳು. "ಮೂಗಿಗೆ ಅಡ್ಡಿಯಿಲ್ಲ ಮಗಳೇ, ಮೈಗೆ ಸೋಕದಿರಲಿ" ಎಂಬ ಉತ್ತರ ಬಂತು. ಝುವೈನಾ ರಬ್ಬರ್ ಗವಸು ತೊಟ್ಟು ಕೂತಳು. ಯಾವ ಜಿಂಕೆಯನ್ನೂ ಕೊಲ್ಲದ ಈಗಿನ ಕಾಲದ ಬಿಳಿ ಕಸ್ತೂರಿ, ಹಸಿರು ಬೆಟ್ಟದ ಗುಲಾಬಿ, ಧೋಫಾರಿನ ಲೋಬಾನ, ಇದೆಯೋ ಇಲ್ಲವೋ ಎನ್ನುವಷ್ಟು ಅಂಬರ್. ಅದ್ದಿ ಮೂಸುವ ಕಾಗದದ ಪಟ್ಟಿಯ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಕಾಗದವನ್ನು ನಂಬುವವಳಲ್ಲ ಅವಳು. ಕಸ್ತೂರಿ ಬಾಯಿ ಬಿಡುವುದು ಬಿಸಿ ಚರ್ಮದ ಮೇಲೆ. ಇಷ್ಟು ವರ್ಷ ಅದಕ್ಕೆ ಅವಳ ಕೈಯೇ ಇತ್ತು. ಈಗ ಬೇರೆ ಕೈ ಹುಡುಕಬೇಕು.

"ಅದಕ್ಯಾಕೆ ಚಿಂತೆ, ನಾನಿಲ್ವಾ?" ಎಂದು ನಸ್ರಾ ತೋಳು ಮಡಚಿಕೊಂಡು ಬಂದಳು. ಝುವೈನಾ ಮೂಸಿದಳು. ಕೇಸರಿ, ಊದು, ಚಂದನ, ಹೋದ ವಾರದ ಔತಣದ ಹೊಗೆ, ಎಲ್ಲ ಅಲ್ಲೇ ಬೀಡುಬಿಟ್ಟಿದ್ದವು.

"ತೊಳ್ಕೊಂಡು ಬಾ ಅಕ್ಕ."

ನಸ್ರಾ ತೊಳೆದುಕೊಂಡು ಬಂದಳು. ಮತ್ತೆ ಹೋಗಿ ಇನ್ನೊಮ್ಮೆ ತೊಳೆದಳು. "ಪಾತ್ರೆ ತಿಕ್ಕೋ ಪುಡಿ ಹಾಕಿ ಉಜ್ಜಿದೀನಿ ಕಣೇ, ಚರ್ಮ ಕಿತ್ತು ಬರೋದೊಂದು ಬಾಕಿ!"

"ಈಗ ಊದಿನ ಜೊತೆ ಪಾತ್ರೆ ಪುಡೀನೂ ಸೇರ್ಕೊಂಡಿದೆ ಅಕ್ಕ."

ನಸ್ರಾ ತನ್ನ ತಂಗಿಯನ್ನು ಕಳಿಸಿದಳು, ನಾದಿನಿಯನ್ನು ಕಳಿಸಿದಳು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಂದರು, ಆದರೆ ಬೇರೆಯವರ ಮನೆಗೆ ಹಾಗೇ ಹೋಗುವುದೆಂತು ಎಂದು ಹೊರಡುವ ಮುನ್ನ ಇನ್ನೊಂದಿಷ್ಟು ಪೂಸಿಕೊಂಡೇ ಬಂದರು. ದೇವರು ಮೆಚ್ಚುವ ಶುಚಿ, ಝುವೈನಾಳ ತಲೆನೋವು. ಆದರೂ ತನಗಾಗಿ ಬಿಸಿಲಲ್ಲಿ ನಡೆದು ಬಂದರಲ್ಲ ಎಂದು ಅವಳ ಕಣ್ಣು ತುಂಬಿತು.

ಓಣಿಯಲ್ಲಿ ಅತ್ತರು ಮುಟ್ಟದ ಕೈ ಇನ್ನೊಂದಿತ್ತು. ಅದು ಝುವೈನಾಳ ಮನೆಯ ಮೂಲೆಯಲ್ಲೇ ಜಪಮಣಿ ಎಣಿಸುತ್ತಿತ್ತು. ಅತ್ತೆ ಗನಿಯಾ! ಒಂದು ಕಾಲಕ್ಕೆ ಅವಳ ಧೂಪದ ಕೆಂಡ ಆರುತ್ತಲೇ ಇರಲಿಲ್ಲ. ಮಗ ಹೋದ ದಿನದಿಂದ ಅವಳು ಗುಲಾಬಿ ನೀರನ್ನೂ ಮುಟ್ಟಿಲ್ಲ. ಅವಳಿಗೆ ಯಾರೂ ಬೇಡ ಎಂದಿರಲಿಲ್ಲ, ತಾನೇ ಬಿಟ್ಟಿದ್ದಳು. ಹೆತ್ತವಳ ಆ ವ್ರತವನ್ನು ಒಂದು ಸೀಸೆಗಾಗಿ ಮುರಿಯಿರಿ ಎನ್ನಲು ಯಾವ ಬಾಯಿ? ಝುವೈನಾ ಬಾಗಿಲ ಮರೆಯಿಂದಲೇ ನಸ್ರಾಳನ್ನು ಕೂಗಿ, ಹುಡುಗಿಗೆ ಅಂಗಡಿಯದ್ದೇ ತಂದುಬಿಡು ಎಂದು ಹೇಳಿ ಒಳಗೆ ಬಂದಳು.

"ಏನಂದೆ ಅವಳಿಗೆ?" ಗನಿಯಾ ಕೇಳಿದಳು.

"ನನ್ನಿಂದಾಗಲ್ಲ ಅಂದೆ ಅತ್ತೆ."

"ಆಗಲ್ವಂತೆ! ಊರೋರ ಕೈಯೆಲ್ಲ ಮೂಸಿದ್ಯಲ್ಲ, ಇಲ್ಲಿ ಕೂತಿರೋಳು ಕಣ್ಣಿಗೆ ಬೀಳ್ಲಿಲ್ವಾ?"

"ನಿಮ್ಮನ್ನ ಹೆಂಗೆ ಕೇಳ್ಲಿ ಅತ್ತೆ? ನೀವು ಅವರಿಗೋಸ್ಕರ..."

"ಸತ್ತ ಮಗನಿಗೆ ತಾಯಿ ಮೂರು ದಿನ ಶೋಕ ಮಾಡಿದ್ರೆ ಸಾಕು ಅಂದಿದಾನೆ ದೇವರು. ನಂಗೆ ಸಾಲ್ದು ಅಂತ ಅವನ ಹತ್ರ ಜಗಳ ಆಡ್ಕೊಂಡು ಕೂತಿದ್ದೆ." ಮುದುಕಿ ಬಲತೋಳು ಮೇಲೇರಿಸಿ ಚಾಚಿದಳು. "ಹಚ್ಚು. ಜಾಸ್ತಿ ಮಾತಾಡ್ಸಬೇಡ."

ಝುವೈನಾ ಗಾಜಿನ ಕಡ್ಡಿಯಿಂದ ಒಂದು ತೊಟ್ಟು ಇಟ್ಟಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿ ಮೂಸಿದಳು.

"ಇದೇನೇ, ಒಗೆದ ಬಟ್ಟೆ ವಾಸ್ನೆ" ಎಂದಳು ಗನಿಯಾ. ಸ್ವಲ್ಪ ಹೊತ್ತಿಗೆ, "ಗುಲಾಬಿ ಕಿರಚ್ತಿದೆ, ಅದರ ಬಾಯಿ ಮುಚ್ಸು" ಎಂದಳು. ಅದು ನಿಜವಾಗಿತ್ತು. ಕೆಲವು ಮಧ್ಯಾಹ್ನ ಹೀಗೇ ಕಳೆದವು. ಅತ್ತೆ ಕೈ ತೊಳೆದು ಬರುವಳು, ಬೈಯುವಳು, ಸೊಸೆ ತಿದ್ದುವಳು. ಹುಮೈದ್ ಹೋದಮೇಲೆ ಆ ಮನೆಯಲ್ಲಿ ಅಷ್ಟು ಮಾತು ಕೇಳಿಸಿದ್ದು ಅದೇ ಮೊದಲು.

ಕೊನೆಗೊಂದು ದಿನ ಮುದುಕಿ ಬೈಯಲಿಲ್ಲ. ತೋಳನ್ನು ಮೂಗಿಗೆ ಒತ್ತಿಕೊಂಡಳು. ಝುವೈನಾ ಬಾಗಿದಳು. ಕಸ್ತೂರಿ ಮೈಯ ಬಿಸಿಗೆ ಮೆಲ್ಲಗೆ ಅರಳಿತ್ತು. ಹಗುರವಾಗಿತ್ತು, ಆದರೆ ತಮ್ಮದೇ ಮನೆಯದು.

"ಆಯ್ತು ಅತ್ತೆ. ನಿಮ್ಮಿಂದ ಆಯ್ತು. ನಿಮ್ಮಂಥೋರು ನನಗೆ ಇದ್ದೀರಲ್ಲ..." ಅವಳು ಬಿಕ್ಕಿದಳು. ಗನಿಯಾಳ ಕಣ್ಣಲ್ಲೂ ನೀರು ಧಾರಾಕಾರ. ಸೊಸೆ ಮುಂದೆ ಬಾಗುತ್ತಲೇ ಮುದುಕಿ ಗಾಬರಿಯಾಗಿ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟಳು.

"ಈ ಕಡೆ ಬರಬೇಡ ಕಣೇ, ಸೋಕತ್ತೆ!" ಎಂದು ಗದರಿ, ಎಡಗೈಯಿಂದ ಅವಳನ್ನು ಎದೆಗೆ ಬಾಚಿಕೊಂಡಳು. ಇಬ್ಬರ ಅಳುವೂ ಮುಗಿಯುವ ತನಕ ಆ ಬಲಗೈ, ಎಷ್ಟು ಸೋತರೂ, ಕೆಳಗಿಳಿಯಲಿಲ್ಲ.